ಒತ್ತಡ ನಿರ್ವಹಣೆಯ ಆನ್‌ಲೈನ್ ಕೋರ್ಸ್ ಆಫೀಸಿನಲ್ಲಿ ಕಡ್ಡಾಯ ಆಗಬೇಕೇ?

ಪರ: ಆಗಬೇಕು, ಅದೂ ಡ್ಯೂಟಿ ಹೊತ್ತಿನಲ್ಲೇ

ದಾವಣಗೆರೆಯ ಪಿ.ಬಿ. ರಸ್ತೆಯ ಆಚೀಚೆ ಎಷ್ಟೊಂದು ಬ್ಯಾಂಕು, ಫೈನಾನ್ಸ್, ಇನ್ಶೂರೆನ್ಸ್ ಆಫೀಸುಗಳಿವೆ ನೋಡಿ. ಅಲ್ಲಿಯ ಸಿಬ್ಬಂದಿಗೆ ಹೆಡ್ಡಾಫೀಸಿನಿಂದ ಒಂದು ಲಿಂಕ್ ಬರುತ್ತದೆ. ಆರು ವಾರದ ಕೋರ್ಸ್, ಬಿಡುವಾದಾಗ ಮಾಡಿ ಅಂತ. ಬಿಡುವು ಯಾವಾಗ? ಸಂಜೆ ಕ್ಯಾಶ್ ಟ್ಯಾಲಿ ಮಾಡಿ, ಹರಿಹರದ ಬಸ್ಸು ಹಿಡಿದು, ಮನೆಯಲ್ಲಿ ಅಡುಗೆ ಮುಗಿಸಿ ಮಕ್ಕಳ ಹೋಂವರ್ಕ್ ನೋಡುವ ಹೆಣ್ಣುಮಗಳಿಗೆ ಆ ಲಿಂಕ್ ಇನ್ನೊಂದು ಕೆಲಸ ಅಷ್ಟೇ. ಮೊದಲ ವಾರ ಬಹಳ ಜನ ತೆರೆಯುತ್ತಾರೆ. ಮೂರನೇ ವಾರಕ್ಕೆ ಬೆರಳೆಣಿಕೆಯವರು ಉಳಿಯುತ್ತಾರೆ. ಬಿಟ್ಟವರನ್ನು ಸೋಮಾರಿಗಳು ಅನ್ನಬೇಡಿ, ಅವರಿಗೆ ಯಾರೂ ಸಮಯವನ್ನೇ ಕೊಟ್ಟಿಲ್ಲ.

ಮುಜುಗರದ ಮಾತೂ ಇದೆ. ಇಷ್ಟ ಇದ್ದವರು ಸೇರಿ ಅಂದರೆ ಸೇರಿದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ‘ಅವನಿಗೇನೋ ತಲೆ ಸರಿ ಇಲ್ಲವಂತೆ’ ಎಂಬ ಮಾತು ಮಧ್ಯಾಹ್ನದ ಟೀ ಹೊತ್ತಿಗೆ ಆಫೀಸೆಲ್ಲ ಹಬ್ಬಿರುತ್ತದೆ. ನಿಜವಾಗಿ ನರಳುತ್ತಿರುವವರು ತಾವಾಗಿ ಮುಂದೆ ಬರುವುದೇ ಕಡಿಮೆ, ಅಲ್ವಾ? ಮ್ಯಾನೇಜರ್ ಸಮೇತ ಎಲ್ಲರೂ ಕೂತರೆ ಯಾರನ್ನೂ ಯಾರೂ ಬೊಟ್ಟು ಮಾಡುವುದಿಲ್ಲ.

ನಾನು ಕೇಳುತ್ತಿರುವುದು ವಾರಕ್ಕೆ 20 ನಿಮಿಷ. ಆ ಹೊತ್ತಿಗೆ ಕೌಂಟರ್ ನೋಡಿಕೊಳ್ಳಲು ಬೇರೆಯವರನ್ನು ಕೂರಿಸಲಿ. ಪಾಠ ಕನ್ನಡದಲ್ಲಿರಲಿ, ಚಿಕ್ಕದಿರಲಿ. ನಡುವೆ ಒಬ್ಬ ಕೌನ್ಸೆಲರ್ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಲಿ. ಹೀಗೆ ಜೊತೆಗೊಬ್ಬರು ಇರುವ ಕೋರ್ಸುಗಳಲ್ಲಿ ಜನ ಜಾಸ್ತಿ ದಿನ ಉಳಿಯುತ್ತಾರೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಕೋರ್ಸಿನ ಒಳಗೆ ಏನು ಬರೆದೆ ಎಂದು ಯಾರಿಗೂ ತೋರಿಸಬೇಕಿಲ್ಲ. ಖಿನ್ನತೆ, ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನ ಹಾಳಾಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮುಂದೆ 20 ನಿಮಿಷ ಯಾವ ಲೆಕ್ಕ?

ವಿರೋಧ: ಕಡ್ಡಾಯ ಮಾಡಿದರೆ ಹಾಜರಿ ಸಿಗುತ್ತದೆ, ಮನಸ್ಸು ಸಿಗುವುದಿಲ್ಲ

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಸಾಲದ ಕಂತು ವಸೂಲಿ ಮಾಡುವ ಫೀಲ್ಡ್ ಕೆಲಸದವನು. ಮಳೆ ಕೈಕೊಟ್ಟು ಶೇಂಗಾ ಹೋದ ವರ್ಷ ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಬೆಳಗ್ಗೆ ಏಳಕ್ಕೆ ಕಂತು ಕೇಳುತ್ತಾ ನಿಲ್ಲುವುದು ಎಂಥ ಸಂಕಟ ಅಂತ ನಿಂತವರಿಗೇ ಗೊತ್ತು. ರಾತ್ರಿ ಒಂಬತ್ತಕ್ಕೆ ರಿವ್ಯೂ ಕಾಲ್. ಎಷ್ಟು ಬಂತು, ಉಳಿದದ್ದು ಯಾಕೆ ಬರಲಿಲ್ಲ?

ನಮಗೂ ಈ ಕೋರ್ಸ್ ಕಡ್ಡಾಯ ಆಗಿತ್ತು. ಬೈಕ್ ನಿಲ್ಲಿಸಿ, ಉಸಿರಾಟದ ವಿಡಿಯೋ ಅದರ ಪಾಡಿಗೆ ಓಡಲು ಬಿಟ್ಟು, ಎಲ್ಲರೂ ಕಲೆಕ್ಷನ್ ಶೀಟ್ ತುಂಬುತ್ತಿದ್ದರು. ಪ್ರಶ್ನೆಗಳ ಉತ್ತರ ವಾಟ್ಸಾಪಿನಲ್ಲಿ ಮೊದಲೇ ಬಂದಿರುತ್ತಿತ್ತು. ‘ರಾತ್ರಿ ನಿದ್ದೆ ಬರುತ್ತದೆಯೇ?’ ಅಂದರೆ ಎಲ್ಲರೂ ‘ಚೆನ್ನಾಗಿ ಬರುತ್ತದೆ’ ಎಂದೇ ಒತ್ತಿದರು. ಗುಟ್ಟಾಗಿಡುತ್ತೇವೆ ಅಂತ ಬರೆದಿದ್ದರೂ ಇದು ಮೇಲಿನವರ ಕಣ್ಣಿಗೆ ಬಿದ್ದು ಪ್ರಮೋಷನ್‌ಗೆ ಕಲ್ಲು ಬೀಳಬಹುದು ಎಂಬ ಭಯ. ಜನ ಸುಳ್ಳು ಬರೆಯುವ ಕೋರ್ಸಿನಿಂದ ಯಾರ ಒತ್ತಡ ಇಳಿಯುತ್ತದೆ?

ಮುಜುಗರದ ಮಾತು ನಾನೂ ಒಪ್ಪುತ್ತೇನೆ. ಆದರೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 46,000ಕ್ಕೂ ಹೆಚ್ಚು ಉದ್ಯೋಗಿಗಳ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಆ್ಯಪು, ಒತ್ತಡ ನಿರ್ವಹಣೆ ತರಬೇತಿ ಇಂಥವಕ್ಕೆ ಸೇರಿದವರು ಸೇರದವರಿಗಿಂತ ಚೆನ್ನಾಗೇನೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟ್ (ದುಡಿದು ಬಸವಳಿದು ಹೋಗುವುದು) ಅಂದರೆ ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದೇ ವಿವರಿಸಿತು. ಟಾರ್ಗೆಟ್ ಹಾಕುವವರು ಹಾಗೇ ಹಾಕುತ್ತಾ, ಖಾಲಿ ಹುದ್ದೆ ತುಂಬದೆ, ಉಸಿರನ್ನು ನಿಧಾನಕ್ಕೆ ಬಿಡು ಅಂತ ನಮಗೆ ಹೇಳಿದರೆ ತಪ್ಪೆಲ್ಲಾ ನಮ್ಮದೇ ಅನ್ನಿಸುತ್ತದೆ. ನನಗೆ ಜಾಸ್ತಿ ನೋವು ಕೊಟ್ಟದ್ದು ಅದೇ.

ಜನ ಮನಸ್ಸಿಟ್ಟು ಕೂರಬೇಕಾ? ಅವರು ಹೇಳಿದ್ದರಲ್ಲಿ ಒಂದಾದರೂ ಬದಲಾಗಲಿ. ರಿವ್ಯೂ ಕಾಲ್ ಸಂಜೆ ಆರಕ್ಕೆ ಮುಗಿಯಲಿ, ಭಾನುವಾರ ಫೋನ್ ಸುಮ್ನಿರಲಿ. ಆಮೇಲೆ ಕೋರ್ಸ್ ಇಟ್ಟರೆ ಬೇಕಾದವರು ತಾವೇ ತೆರೆಯುತ್ತಾರೆ. ತುರ್ತು ಇದ್ದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ನಂಬರ್ 14416. ದಿನದ 24 ಗಂಟೆ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಪ್ರತಿ ಬ್ರಾಂಚಿನ ಗೋಡೆಗೆ ಅಂಟಿಸಿ, ಯಾರು ಕರೆ ಮಾಡಿದರು ಅಂತ ಮಾತ್ರ ಕೇಳಬೇಡಿ.