ನಮ್ಮ ರೂಮಿಗೆ ಹೊಸಬ ಬಂದ

ಜನವರಿಯ ಒಂದು ಬೆಳಿಗ್ಗೆ ವಾರ್ಡನ್ ಸರ್ ನಮ್ಮ ರೂಮಿನ ಬಾಗಿಲು ತಟ್ಟಿದರು. ಅದೇ ಒಂದು ಸುದ್ದಿ. ಅವರು ತಟ್ಟುವವರಲ್ಲ, ದೂಡಿಕೊಂಡೇ ಬರುವವರು. ಪಕ್ಕದಲ್ಲಿ ಒಬ್ಬ ಹುಡುಗ. ಕೈಯಲ್ಲಿ ಹಸಿರು ಟ್ರಂಕು, ಹೆಗಲ ಮೇಲೆ ಚಾದರದ ಗಂಟು.

"ನೋಡ್ರಪಾ, ಇವಾ ನಿಮ್ಮ ಹೊಸಾ ರೂಮ್‌ಮೇಟ್. ವರ್ಷದ ನಡುವ ಬಂದಾನ. ಚಲೋ ಹುಡುಗ ಕಾಣಸ್ತಾನ. ಹೊಂದ್ಕೊಂಡು ಹೋಗ್ರಿ."

ನಾವು ಮೂವರೂ ಅವನನ್ನು ನೋಡಿದೆವು. ಅವನು ನಮ್ಮನ್ನು ನೋಡಿದ. ಅರ್ಧ ಗಂಟೆ ಹಿಂದೆ ಅವನು ಇದೇ ರೂಮಿನಲ್ಲಿ ನನ್ನ ಪೇಸ್ಟಿನಿಂದ ಹಲ್ಲುಜ್ಜಿದ್ದ. ಆಗಸ್ಟ್‌ನಿಂದಲೂ ಅದರಲ್ಲೇ ಉಜ್ಜುತ್ತಿದ್ದಾನೆ.

ಇದು ಧಾರವಾಡದ ಒಂದು ಸರ್ಕಾರಿ ಹಾಸ್ಟೆಲ್ಲಿನ ಕತೆ. ಯಾವ ಹಾಸ್ಟೆಲ್ ಅಂತ ಕೇಳಬೇಡಿ, ನನಗೆ ಇನ್ನೂ ಎರಡು ಸೆಮಿಸ್ಟರ್ ಬಾಕಿ ಇದೆ. ನಮ್ಮ ಹೊಸಬ ರಾಯಚೂರು ಜಿಲ್ಲೆಯ ಹುಡುಗ. ಕಾಲೇಜು ಶುರುವಾದ ವಾರವೇ ಹಾಸ್ಟೆಲ್ಲಿಗೆ ಆನ್‌ಲೈನ್ ಅರ್ಜಿ ಹಾಕಿದ್ದ. ಆಧಾರ್‌ನ 12 ಅಂಕಿ ಹೊಂದಿತು, ಹೆಸರು ಹೊಂದಲಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಅಕ್ಷರ ಹಿಂದೆ, ಆಧಾರ್‌ನಲ್ಲಿ ಮುಂದೆ. ಅದನ್ನು ಹಿಂದೆ ಮುಂದೆ ಮಾಡಿಸಲು ಒಂದು ತಿಂಗಳು. ಆಮೇಲೆ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ವ್ಯಾಲಿಡಿಟಿ ಇದೆ, ನಮ್ಮ ಡಿಗ್ರಿ 3 ವರ್ಷದ್ದು. ಅಂದರೆ ಓದು ಮುಗಿದ ಮೇಲೂ ಎರಡು ವರ್ಷ ಬಡವರಾಗಿರಲು ಅನುಮತಿ ಉಂಟು. ಡಿಗ್ರಿಯನ್ನು 4 ವರ್ಷ ಮಾಡಿ, 2024ರಲ್ಲಿ ಮತ್ತೆ 3ಕ್ಕೆ ಇಳಿಸಲು ಸರ್ಕಾರಕ್ಕೆ ಪುರುಸೊತ್ತು ಸಿಕ್ಕಿತು. ಹಾಸ್ಟೆಲ್ ಲಿಸ್ಟ್ ಹಾಕಲು ಮಾತ್ರ ಜನವರಿ ಬರಬೇಕಾಯಿತು.

ಅಲ್ಲಿವರೆಗೆ ಹುಡುಗ ಎಲ್ಲಿರಬೇಕು? ಅರ್ಜಿಯಲ್ಲಿ ಆ ಕಾಲಂ ಇಲ್ಲ.

ಹಾಗಾಗಿ ಅವನು ನಮ್ಮ ರೂಮಿನಲ್ಲಿದ್ದ. ಹಾಸ್ಟೆಲ್ ಭಾಷೆಯಲ್ಲಿ ಇಂಥವನಿಗೆ 'ಗೆಸ್ಟ್' ಅನ್ನುತ್ತಾರೆ. ಅದೇ ಅವನ ಹೆಸರಾಯಿತು. ಮೊದಲು ಎರಡು ಮಂಚಗಳ ನಡುವೆ ಮಲಗುತ್ತಿದ್ದ. ರಾತ್ರಿ ಎದ್ದು ಹೋಗುವವರು ಅವನನ್ನು ದಾಟಿಯೇ ಹೋಗಬೇಕು, ದಾಟುವ ಮುಂಚೆ "ಗೆಸ್ಟ್, ಕಾಲು" ಅನ್ನಬೇಕು. ನಿದ್ದೆಯಲ್ಲೇ ಮಡಚಿಕೊಳ್ಳುತ್ತಿದ್ದ. ಊಟಕ್ಕೆ ನನ್ನ ತಟ್ಟೆಯಲ್ಲಿ ಪಾಲು. ಅಡುಗೆ ಅಕ್ಕನಿಗೆ ಎಲ್ಲ ಗೊತ್ತಿತ್ತು. ನನ್ನ ಮುಖ ನೋಡದೆ ಎರಡು ರೊಟ್ಟಿ ಜಾಸ್ತಿ ಹಾಕುತ್ತಿದ್ದರು. ನೂರು ವರ್ಷದ ಹಿಂದೆ ಓದುವ ಹುಡುಗರು ವಾರಾನ್ನ ಮಾಡುತ್ತಿದ್ದರಂತೆ, ದಿನಕ್ಕೊಂದು ಮನೆಯಂತೆ ವಾರಕ್ಕೆ ಏಳು ಮನೆಯಲ್ಲಿ ಊಟ. ನಮ್ಮ ಗೆಸ್ಟ್‌ಗೆ ವಾರವೆಲ್ಲ ಒಂದೇ ತಟ್ಟೆ. ಪ್ರಗತಿ ಅಂದರೆ ಇದೇ ಅಲ್ವಾ?

ಅಕ್ಟೋಬರ್‌ನಲ್ಲಿ ಅವನಿಗೆ ಬಡ್ತಿ ಸಿಕ್ಕಿತು. ನಮ್ಮ ರೂಮಿನ ನಾಲ್ಕನೆಯವನು ಓದು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ. ಗೆಸ್ಟ್ ನೆಲದಿಂದ ಮಂಚಕ್ಕೇರಿದ. ಆದರೆ ಕಂಪ್ಯೂಟರ್ ಪ್ರಕಾರ ಆ ಮಂಚದಲ್ಲಿ ಬೆಂಗಳೂರಿನವನೇ ಮಲಗಿದ್ದ. ಹೆಬ್ಬೆಟ್ಟಿನ ಮಷೀನು ಸೆಪ್ಟೆಂಬರ್‌ನಲ್ಲೇ ಕೆಟ್ಟಿತ್ತು, ಹಾಜರಿಯನ್ನು ಯಾರೋ ಪುಣ್ಯಾತ್ಮರು ಪುಸ್ತಕದಲ್ಲಿ ಬರೆಯುತ್ತಿದ್ದರು. ಕಾಗದದಲ್ಲಿದ್ದವನು ರೂಮಿನಲ್ಲಿಲ್ಲ, ರೂಮಿನಲ್ಲಿದ್ದವನು ಕಾಗದದಲ್ಲಿಲ್ಲ. ಲೆಕ್ಕ ಮಾತ್ರ ಸರಿ.

ಈ ನಡುವೆ ಅವನು ವಿದ್ಯಾಸಿರಿಗೂ ಅರ್ಜಿ ಹಾಕಿದ್ದ. ಹಾಸ್ಟೆಲ್ ಸೀಟು ಸಿಗದವರಿಗೆ ಊಟ ಮತ್ತು ವಸತಿಗೆ ಅಂತ 2013-14ರಲ್ಲಿ ಶುರುವಾದ ಯೋಜನೆ ಅದು, ಆಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಒಳ್ಳೆಯ ಯೋಜನೆ, ಅದರಿಂದ ಓದಿದವರು ಎಷ್ಟೋ ಜನ. ಇವನು ವಿಚಾರಿಸಲು ಹೋದಾಗ ಕಿಟಕಿಯ ಹಿಂದಿನಿಂದ ಉತ್ತರ ಬಂತು: "ನಿಮ್ದು ಹಾಸ್ಟೆಲ್ ಅರ್ಜಿ ಇನ್ನಾ ಪೆಂಡಿಂಗ್ ಐತಿ. ಸೀಟು ಸಿಗಲಿಲ್ಲಾಂತ ಗೊತ್ತಾದ ಮ್ಯಾಲ ಬರ್ರಿ." ಜನವರಿಯಲ್ಲಿ ಸೀಟು ಸಿಕ್ಕಿತು. ಮತ್ತೆ ಹೋದ. "ಸೀಟು ಸಿಕ್ಕೈತಲ್ಲ, ಮತ್ಯಾಕ ಬಂದ್ರಿ?" ಹಾಗಾದರೆ ಹಿಂದಿನ ಐದು ತಿಂಗಳ ಗತಿ ಏನು ಅಂತ ಕೇಳಿದ. ಕಿಟಕಿಯವರು ನಿಜವಾಗಿಯೂ ಆಶ್ಚರ್ಯಪಟ್ಟರಂತೆ. "ಐದು ತಿಂಗಳು ಎಲ್ಲಿದ್ರಿ ನೀವು?"

ಇನ್ನು ಅಧಿಕೃತ ಪ್ರವೇಶ. ಪ್ರವೇಶ ಪಡೆದ ದಿನ ಹುಡುಗ ಸಾಮಾನು ಸಮೇತ ಹಾಸ್ಟೆಲ್ಲಿಗೆ ಬರುವ ಫೋಟೊ ಬೇಕಂತೆ, ಅದೂ ಜಿಪಿಎಸ್ ಫೋಟೊ. ತಾರೀಖು, ಸಮಯ, ಜಾಗ ಎಲ್ಲ ಅದರಲ್ಲೇ ಬರಬೇಕು. ಗೆಸ್ಟ್ ಮಂಚದ ಕೆಳಗಿನಿಂದ ಟ್ರಂಕು ಎಳೆದ. ಅದರ ಮೇಲೆ ನಮ್ಮೆಲ್ಲರ ಪುಸ್ತಕ, ಒಂದು ಇಸ್ತ್ರಿಪೆಟ್ಟಿಗೆ, ಒಣಗಲು ಹಾಕಿದ ಬನಿಯನ್ನು. ಎಲ್ಲ ಇಳಿಸಿ ಟ್ರಂಕು ಹೊತ್ತು ಗೇಟಿನ ಹೊರಗೆ ಹೋದ. ಅಲ್ಲಿಂದ ತಿರುಗಿ ಒಳಗೆ ನಡೆದು ಬಂದ. ಮೊದಲ ಫೋಟೊದಲ್ಲಿ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಅಡುಗೆ ಅಕ್ಕ ಅಡ್ಡ ಬಂದು, "ಎಲ್ಲಿಗೆ ಹೊಂಟೀಯೋ ತಮ್ಮಾ, ಊರಿಗಾ?" ಅಂದರು. ಮೂರನೇ ಸಲ ಸರಿ ಬಂತು. "ಸ್ವಲ್ಪ ಹೊಸಬನ ಹಂಗ ಕಾಣೋ" ಅಂತ ವಾರ್ಡನ್ ಸರ್ ಹೇಳಿದ್ದಕ್ಕೆ ಅವನು ಕಟ್ಟಡವನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದಿದ್ದಾನೆ. ಆ ಫೋಟೊ ನನ್ನ ಹತ್ತಿರ ಇದೆ. ತಾಜ್‌ಮಹಲ್ ನೋಡಿದವರೂ ಹಾಗೆ ನೋಡಲಿಕ್ಕಿಲ್ಲ.

ಸಂಜೆ ಲೈನ್ ಬಜಾರಿನಿಂದ ಕಾಲು ಕಿಲೋ ಪೇಡೆ ತಂದು ಹಂಚಿದ. ವಾರ್ಡನ್ ಸರ್‌ಗೆ ಎರಡು. ಅವರು ತಿನ್ನುತ್ತಾ, "ನಮ್ಮ ಹಾಸ್ಟೆಲ್ ಹೆಂಗನಸ್ತೈತಿ?" ಅಂತ ಕೇಳಿದರು. ಐದು ತಿಂಗಳು ಅವರಿಗೆ ದಿನಾ ಸಂಜೆ ಚಹಾ ತಂದುಕೊಟ್ಟವನು ಇವನೇ. "ಚಲೋ ಐತ್ರಿ ಸರ್, ಈಗ ಬಂದೀನಲ್ರಿ, ನೋಡೋಣ್ರಿ" ಅಂದ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಫೆಬ್ರವರಿಯಲ್ಲಿ ರೂಮಿಗೆ ಒಂದು ನೋಟಿಸ್ ಬಂತು. ಯಾರೋ ದೂರು ಕೊಟ್ಟಿದ್ದರಂತೆ. "ಸದರಿ ಕೊಠಡಿಯಲ್ಲಿ ಆಗಸ್ಟ್‌ನಿಂದ ಜನವರಿವರೆಗೆ ಅನಧಿಕೃತ ವ್ಯಕ್ತಿಯೊಬ್ಬರು ವಾಸವಿದ್ದುದು ಗಮನಕ್ಕೆ ಬಂದಿದ್ದು, ಕೊಠಡಿಯ ಎಲ್ಲಾ ನಿವಾಸಿಗಳು 3 ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು." ಕೆಳಗೆ ನಿವಾಸಿಗಳ ಹೆಸರು. ನಾಲ್ಕು. ನಾಲ್ಕನೆಯದು ಅವನದೇ.

ನಾವು ಮೂವರು ರಾತ್ರಿಯೆಲ್ಲ ಕೂತು ಬರೆದೆವು. ತಪ್ಪಾಯಿತು, ಬಡ ಹುಡುಗ, ಮಾನವೀಯತೆ, ಇನ್ನೊಮ್ಮೆ ಆಗುವುದಿಲ್ಲ. ಅವನು ಮಾತ್ರ ಐದು ನಿಮಿಷದಲ್ಲಿ ಮುಗಿಸಿ ಮಲಗಿದ.

ನಮ್ಮ ಮೂವರಿಗೂ ತಂದೆ ತಾಯಿಯನ್ನು ಕರೆತರುವಂತೆ ಹೇಳಿದ್ದಾರೆ. ಅವನ ಸಮಜಾಯಿಷಿ ಒಪ್ಪಿಗೆಯಾಗಿದೆ. ಮೂರೇ ಸಾಲು ಬರೆದಿದ್ದ: "ಸರ್, ನಾನು ಈ ಹಾಸ್ಟೆಲ್ಲಿಗೆ ಬಂದದ್ದೇ ಜನವರಿಯಲ್ಲಿ. ಅದಕ್ಕಿಂತ ಮೊದಲು ಈ ರೂಮಿನಲ್ಲಿ ಯಾರಿದ್ದರು ಎಂಬುದು ನನಗೆ ಗೊತ್ತಿಲ್ಲ. ಫೋಟೊ ಲಗತ್ತಿಸಿದೆ."