ಎಲ್ಲಕ್ಕೂ ‘ಗುಳ್ಳೆ’ ಎಂದರೆ ಹೇಗೆ?

ಚರ್ಮದ ಉರಿಯೂತದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಆದರೆ ಅದರಲ್ಲಿ ಪ್ಯಾಪ್ಯೂಲ್ (ಗಟ್ಟಿ ಉಬ್ಬು), ವೆಸಿಕಲ್ (ನೀರು ತುಂಬಿದ್ದು), ಪಸ್ಚೂಲ್ (ಕೀವು ತುಂಬಿದ್ದು) ಮೂರನ್ನೂ ‘ಗುಳ್ಳೆ’ ಎಂದು ಮುಗಿಸಿದ್ದು ಸರಿಯಲ್ಲ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಕಳೆದ ಬೇಸಿಗೆಯಲ್ಲಿ ಹಸಿ ಗೇರುಬೀಜ ಬಿಡಿಸುವಾಗ ಸಿಪ್ಪೆಯ ಎಣ್ಣೆ ಮುಂಗೈಗೆ ತಾಗಿತು. ಮರುದಿನ ಕೆಂಪು ಕಲೆ. ಬೆರಳಾಡಿಸಿದರೆ ಏನೂ ತಾಗದು, ಅದು ಮ್ಯಾಕ್ಯೂಲ್. ಸಂಜೆಗೆ ಸಾಸಿವೆ ಕಾಳಿನಂತೆ ಗಟ್ಟಿಯಾಗಿ ಎದ್ದಿತು, ನೀರಿಲ್ಲ, ಪ್ಯಾಪ್ಯೂಲ್. ಮೂರನೇ ದಿನ ಅದರಲ್ಲೇ ತಿಳಿನೀರು ತುಂಬಿ ವೆಸಿಕಲ್ ಆಯಿತು. 1 ಸೆಂಟಿಮೀಟರಿಗಿಂತ ದೊಡ್ಡದಾದರೆ ಬುಲ್ಲಾ, ನಮ್ಮ ಅಜ್ಜಿಯ ಬಾಯಲ್ಲಿ ‘ಬೊಕ್ಕೆ’. ಕೀವಿದ್ದರಷ್ಟೇ ಪಸ್ಚೂಲ್.

ಇನ್ನೊಂದು, ಕೆಂಪಾಗುವುದು ಚರ್ಮದ ಹೊರಪದರ (ಎಪಿಡರ್ಮಿಸ್) ಎಂದಿದ್ದೀರಿ. ಎಪಿಡರ್ಮಿಸ್‌ನಲ್ಲಿ ರಕ್ತನಾಳವೇ ಇಲ್ಲ! ಅದರ ಕೆಳಗಿನ ಪದರವಾದ ಡರ್ಮಿಸ್‌ನ ನಾಳಗಳು ಹಿಗ್ಗಿದ್ದು ಮೇಲೆ ಕಾಣುವುದು. ಗಾಜಿನ ಲೋಟ ಒತ್ತಿ ನೋಡಿ, ಕೆಂಪು ಮಾಯವಾಗುತ್ತದೆ. ಮಾಯವಾಗದಿದ್ದರೆ ರಕ್ತ ನಾಳದಿಂದ ಹೊರಗೆ ಸೋರಿದೆ ಎಂದು ಅರ್ಥ, ಆಗ ಡಾಕ್ಟರರಿಗೆ ತೋರಿಸಬೇಕು. ನೀರು ತುಂಬುವುದು ಮಾತ್ರ ಎಪಿಡರ್ಮಿಸ್‌ನಲ್ಲೇ: ಜೀವಕೋಶಗಳ ನಡುವೆ ದ್ರವ ಸೇರಿ ಸ್ಪಂಜಿನಂತಾಗುತ್ತದೆ, ಹಾಗಾಗಿಯೇ ಸ್ಪಾಂಜಿಯೋಸಿಸ್ ಎಂಬ ಹೆಸರು.

ಇಲ್ಲಿ ಡಾಕ್ಟರರ ಹತ್ತಿರ ಮಲಯಾಳದಲ್ಲಿ ಹೇಳಬೇಕಾಗುತ್ತದೆ, ನನಗೋ ಅದು ಅಷ್ಟಕ್ಕಷ್ಟೆ. ‘ನೀರಿದೆಯಾ, ಕೀವಾ, ಗಟ್ಟಿಯಾ’ ಎಂದು ಅವರು ಕೇಳಿದಾಗ ಕೈ ತೋರಿಸಿ ಬಚಾವಾದೆ.