ಸೀಟು ಕೊಟ್ಟಿರಿ, ಓದಲು ಏನು ಕೊಟ್ಟಿರಿ?

ಕನ್ನಡ ಎಂ.ಎ. ಪರೀಕ್ಷೆಗೆ ಇನ್ನು ಒಂಬತ್ತೇ ದಿನ. ಹಳಗನ್ನಡದ ನೋಟ್ಸ್ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ತಿಂಗಳಾಗಿದೆ. ನನಗೆ ಮಾತ್ರ ಅದು ಬಂದೂ ಬಾರದಂತೆ.

ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಲ್ಯಾಪ್‌ಟಾಪಿನಲ್ಲಿರುವ ಎನ್‌ವಿಡಿಎ ಎಂಬ ತಂತ್ರಾಂಶ ಓದಿ ಹೇಳುತ್ತದೆ, ನಾನು ಕೇಳಿ ಕಲಿಯುತ್ತೇನೆ. ಮೇಷ್ಟ್ರು ಕಳುಹಿಸಿದ್ದು ಪುಸ್ತಕದ ಪುಟಗಳ ಓರೆಕೋರೆ ಫೋಟೋ. ಯಂತ್ರದ ಪಾಲಿಗೆ ಅದು ಬರೀ ಚಿತ್ರ, ಓದಲು ಅದರಲ್ಲಿ ಅಕ್ಷರವೇ ಇಲ್ಲ. ಕಾಡಿ ಬೇಡಿದ ಮೇಲೆ ಟೈಪ್ ಮಾಡಿದ ಪಿಡಿಎಫ್ ಬಂತು, ಹಳೆಯ ನುಡಿ ಫಾಂಟಿನದು. ಅದು ಕಣ್ಣಿಗಷ್ಟೇ ಕನ್ನಡ, ಒಳಗಿರುವುದೆಲ್ಲ ರೋಮನ್ ಅಕ್ಷರ, ಚಿಹ್ನೆ. ರಾತ್ರಿ ಹನ್ನೊಂದಕ್ಕೆ ಇಯರ್‌ಫೋನ್ ಹಾಕಿ ಕುಳಿತರೆ ‘ಕನ್ನಡ’ ಎಂಬ ಮೂರಕ್ಷರವೇ ಪಿ, ಪೌಂಡ್, ಕ್ಯೂ ಎಂದು ಕಿವಿಗೆ ಬಡಿಯಿತು. ಕನ್ನಡ ಎಂ.ಎ. ಓದುವವಳಿಗೆ! ಫಾಂಟ್ ಬದಲಿಸುವ ತಂತ್ರಾಂಶಕ್ಕೆ ಹಾಕಿದೆ, ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮೂಲ ಫೈಲ್ ಕೊಡಿ ಸರ್, ಯಂತ್ರ ಓದಬಲ್ಲ ಯೂನಿಕೋಡ್‌ಗೆ ನಾನೇ ಬದಲಿಸಿಕೊಳ್ಳುತ್ತೇನೆ ಎಂದೆ. “ಅದು ಡಿಟಿಪಿ ಅಂಗಡಿಯಲ್ಲಿದೆಯಮ್ಮ, ನೋಡೋಣ” ಎಂದರು. ಹದಿನೆಂಟು ದಿನದಿಂದ ನೋಡುತ್ತಲೇ ಇದ್ದಾರೆ.

ಗ್ರಂಥಾಲಯದಲ್ಲಿ ಪಠ್ಯವನ್ನು ಸರಿಯಾಗಿ ಸ್ಕ್ಯಾನ್ ಮಾಡಿಕೊಡಿ ಎಂದರೆ ಕಾಪಿರೈಟ್ ತೊಂದರೆಯಂತೆ. ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಬದಲಿಸಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಇದನ್ನು ಗ್ರಂಥಪಾಲಕರಿಗೆ ನಾನು ಹೇಳಿಕೊಡಬೇಕೆ?

ಪರೀಕ್ಷೆಯ ಕಥೆಯೂ ಇದೇ. ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಇಟ್ಟುಕೊಂಡವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಹೋದ ಸೆಮಿಸ್ಟರ್‌ನಲ್ಲಿ ಮೂರು ಗಂಟೆಯ ಬೆಲ್ ಆದೊಡನೆ ಮೇಲ್ವಿಚಾರಕರು ನನ್ನ ಸ್ಕ್ರೈಬ್ ಕೈಯಿಂದ ಉತ್ತರಪತ್ರಿಕೆ ಕಿತ್ತುಕೊಂಡರು. ಆ ಹುಡುಗಿ ಅರ್ಧ ಬರೆದ ವಾಕ್ಯ ಅಲ್ಲೇ ನಿಂತಿತು. ಹದಿನೈದು ಅಂಕದ ಪ್ರಶ್ನೆ, ಉತ್ತರ ನನ್ನ ಬಾಯಲ್ಲಿತ್ತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 5ರ ಮೀಸಲಾತಿಯಲ್ಲಿ ಸೀಟು ಕೊಟ್ಟರು. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ವೇದಿಕೆಗೆ ಕರೆದು ಶಾಲು ಹೊದಿಸಿ, ನನ್ನ ಛಲವನ್ನು ಹೊಗಳಿದರು. ನನ್ನ ಛಲವೆಲ್ಲ ಒಂದು ಫೈಲಿಗಾಗಿ ಅಲೆಯುವುದರಲ್ಲೇ ಮುಗಿಯುತ್ತಿದೆ. ಓದಲು ಬಂದವಳು ನಾನು, ಓದುವ ಸಮಯವನ್ನೇ ಬೇಡುತ್ತ ಕಳೆಯುತ್ತಿದ್ದೇನೆ.

ನಾಳೆ ಬೆಳಿಗ್ಗೆ ಆ ಡಿಟಿಪಿ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ನಾನೇ ಹೋಗುತ್ತೇನೆ. ಎರಡು ಬಸ್ ಬದಲಿಸಬೇಕು.